ಮ್ಯಾಕ್‌ಗ್ರೆಗರ್: ಕಾನೂನು ಅಳಿಸಹೊರಟ ಹೆಸರು

ಮ್ಯಾಕ್‌ಗ್ರೆಗರ್ ಎಂಬುದು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಮಲೆಸೀಮೆಯ ಒಂದು ಕುಲದ ಹೆಸರು. ಗೇಲಿಕ್ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಆದ್ದರಿಂದ ಮ್ಯಾಕ್‌ಗ್ರೆಗರ್ ಎಂದರೆ ಗ್ರೆಗರನ ಮಗ. ಗ್ರೆಗರ್ ಎಂಬುದರ ಮೂಲ ಗ್ರೀಕ್ ಭಾಷೆಯ ಗ್ರೆಗೋರಿಯೋಸ್, ಅಂದರೆ ಎಚ್ಚರವಾಗಿರುವವನು. ರೋಮಿನ ಹಲವು ಪೋಪ್‌ಗಳು ಇಟ್ಟುಕೊಂಡಿದ್ದ ಹೆಸರಾದ್ದರಿಂದ ಮಧ್ಯಯುಗದ ಯುರೋಪಿನಲ್ಲೆಲ್ಲ ಅದು ಬಳಕೆಯಲ್ಲಿತ್ತು. ಇಷ್ಟು ಸಾಧಾರಣವಾದ ಈ ಹೆಸರು 1603ರಿಂದ ಮುಂದೆ, ನಡುವಿನ 32 ವರ್ಷಗಳನ್ನು ಬಿಟ್ಟರೆ, ಸುಮಾರು 140 ವರ್ಷ ಕಾಲ ಕಾನೂನಿನ ಕಣ್ಣಲ್ಲಿ ಅಪರಾಧವಾಗಿತ್ತು. ಅದನ್ನು ಇಟ್ಟುಕೊಂಡವರನ್ನು ಕೊಂದರೂ ಶಿಕ್ಷೆಯಿಲ್ಲದ ಕಾಲವೂ ಇತ್ತು. ಆ ಹೆಸರು ಅಂಥ ಗತಿಗೆ ಹೇಗೆ ಬಂತು, ಅಲ್ಲಿಂದ ಹೇಗೆ ಪಾರಾಯಿತು ಎಂಬುದು ಹೆಸರಿನ ಕಥೆಗಿಂತ ಮೊದಲು ನೆಲದ ಕಥೆ.

ಹೈಲ್ಯಾಂಡ್ಸಿನಲ್ಲಿ ‘ಕ್ಲ್ಯಾನ್’ ಎಂದು ಕರೆಯುವ ಕುಲವ್ಯವಸ್ಥೆಯಲ್ಲಿ ಎಲ್ಲರೂ ರಕ್ತಸಂಬಂಧಿಗಳಾಗಿರಬೇಕೆಂದೇನೂ ಇರಲಿಲ್ಲ. ಒಬ್ಬ ಮೂಲಪುರುಷನ ಸಂತಾನವೆಂದು ಹೇಳಿಕೊಳ್ಳುವ ಕೆಲವು ಮನೆಗಳು ನಡುವೆ ಇರುತ್ತಿದ್ದವು. ಅವರ ನೆಲದಲ್ಲಿ ಉಳುವವರು, ದನ ಕಾಯುವವರು, ಆಶ್ರಯ ಬೇಡಿ ಬಂದವರು ಅವರ ಸುತ್ತ ಸೇರಿಕೊಳ್ಳುತ್ತಿದ್ದರು. ಕುಲದ ಮುಖಂಡ ರಕ್ಷಣೆ ಕೊಡಬೇಕು, ಕಾಳಗ ಬಂದರೆ ಉಳಿದವರು ಅವನ ಹಿಂದೆ ನಿಲ್ಲಬೇಕು. ದಿನನಿತ್ಯದಲ್ಲಿ ಜನ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದದ್ದು ತಂದೆ, ಅಜ್ಜಂದಿರ ಹೆಸರು ಹಿಡಿದು, ಇಲ್ಲವೇ ಕೂದಲಿನ ಬಣ್ಣ, ಕುಂಟು, ಕುರುಡು ಇಂಥ ಗುರುತು ಹಿಡಿದು. ಕುಲದ ಹೆಸರು ಬೇಕಾಗುತ್ತಿದ್ದದ್ದು ಹೊರಗಿನವರ ಎದುರು, ಸರ್ಕಾರದ ಕಾಗದದಲ್ಲಿ, ಜಗಳದಲ್ಲಿ. ಮ್ಯಾಕ್ ಎಂದು ಪೂರ್ತಿ ಬರೆದರೆ ಸ್ಕಾಟ್ಲೆಂಡಿನವರು, ಎಂ-ಸಿ ಎಂದು ಮೊಟಕಾಗಿ ಬರೆದರೆ ಐರ್ಲೆಂಡಿನವರು ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಬರೆದುಕೊಳ್ಳುವವನ ರೂಢಿಯನ್ನು ಬಿಟ್ಟರೆ ಅವೆರಡರಲ್ಲಿ ವ್ಯತ್ಯಾಸವೇ ಇಲ್ಲ.

‘ನನ್ನ ಕುಲ ರಾಜಕುಲ’ ಎಂಬುದು ಮ್ಯಾಕ್‌ಗ್ರೆಗರರ ಕುಲಘೋಷ. ಒಂಬತ್ತನೆಯ ಶತಮಾನದಲ್ಲಿ ಸ್ಕಾಟರ ದೊರೆಯಾಗಿದ್ದ ಕೆನೆತ್ ಮ್ಯಾಕ್ಆಲ್ಪಿನನ ಮನೆತನಕ್ಕೆ ಸೇರಿದ ಗ್ರಿಗೋರ್ ಎಂಬ ರಾಜಕುಮಾರನಿಂದ ತಮ್ಮ ಕುಲ ಹುಟ್ಟಿತೆಂದು ಅವರ ಪರಂಪರೆ ಹೇಳುತ್ತದೆ. ಅಂಥ ರಾಜಕುಮಾರನಿದ್ದನೆಂಬುದಕ್ಕೆ ದಾಖಲೆಯಿಲ್ಲ. ಅದೇ ಶತಮಾನದ ಕೊನೆಯಲ್ಲಿ ಗಿರಿಕ್ ಎಂಬ ದೊರೆ ಆಳಿದ್ದು ನಿಜ. ನಂತರದ ಚರಿತ್ರೆಕಾರರು ಅವನ ಹೆಸರನ್ನು ಗ್ರೆಗರಿ ಎಂದು ತಿದ್ದಿ, ಮಾಡದ ದಿಗ್ವಿಜಯಗಳನ್ನೆಲ್ಲ ಅವನ ತಲೆಗೆ ಕಟ್ಟಿ ಮಹಾರಾಜನನ್ನಾಗಿ ಮಾಡಿದರು. ರಾಜವಂಶದ ಹೆಮ್ಮೆಗೆ ಇಂಥ ಬರವಣಿಗೆಗಳು ಒತ್ತಾಸೆಯಾಗಿದ್ದಿರಬೇಕು. ದಾಖಲೆಯ ಬೆಳಕಿಗೆ ಬರುವ ಮೊದಲ ಮ್ಯಾಕ್‌ಗ್ರೆಗರರು ಹದಿನಾಲ್ಕನೆಯ ಶತಮಾನದವರು. ವಂಶಾವಳಿಗಳು ‘ಚಿನ್ನದ ಲಗಾಮಿನ ಗ್ರೆಗರ್’ ಎಂದು ಕರೆಯುವವನೇ ಕುಲಕ್ಕೆ ಹೆಸರು ಕೊಟ್ಟ ಗ್ರೆಗರನೆಂದು ಇಂದಿನ ಸಂಶೋಧಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಅವನ ಮಗ ಒಕ್ಕಣ್ಣ ಇಯಾನ್, ಗೇಲಿಕ್‌ನಲ್ಲಿ ಇಯಾನ್ ಕಾಮ್, 1390ರಲ್ಲಿ ಸತ್ತ. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಲಾಖ್ ಆ ಎಂಬ ಉದ್ದನೆಯ ಸರೋವರದ ತಲೆಯಲ್ಲಿರುವ ಗ್ಲೆನ್ ಆರ್ಕಿ ಮತ್ತು ಗ್ಲೆನ್ ಸ್ಟ್ರೇ ಕಣಿವೆಗಳು ಇವರ ಮೂಲನೆಲೆ. ಕುಲದ ಹಿರಿಯರನ್ನು ಹೂಳುತ್ತಿದ್ದದ್ದು ಅಲ್ಲಿನ ಡಾಲ್‌ಮಾಲಿ ಊರಿನ ಇಗರ್ಜಿಯಲ್ಲಿ.

ಈ ಕಣಿವೆಗಳ ಮೇಲೆ ಮ್ಯಾಕ್‌ಗ್ರೆಗರರಿಗಿದ್ದದ್ದು ಅನುಭೋಗದ ಹಕ್ಕು. ತಲೆಮಾರುಗಳಿಂದ ಇಲ್ಲಿದ್ದೇವೆ, ಕತ್ತಿ ಹಿಡಿದು ಕಾಪಾಡಿಕೊಂಡಿದ್ದೇವೆ, ಆದ್ದರಿಂದ ಇದು ನಮ್ಮದು ಎಂಬುದು ಮಲೆಸೀಮೆಯ ಹಳೆಯ ನ್ಯಾಯ. ಎಡಿನ್‌ಬರೋದ ರಾಜಸಭೆ ನಂಬುತ್ತಿದ್ದ ನ್ಯಾಯ ಬೇರೆ: ಅಲ್ಲಿ ರಾಜಮುದ್ರೆಯ ಸನ್ನದು ಯಾರ ಕೈಯಲ್ಲಿದೆಯೋ ನೆಲ ಅವರದು. ಸನ್ನದಿನ ಬೆಲೆಯನ್ನು ಎಲ್ಲರಿಗಿಂತ ಮೊದಲು ಅರಿತವರು ನೆರೆಯ ಕ್ಯಾಂಬೆಲ್ ಕುಲದವರು. ಇಂಗ್ಲೆಂಡಿನ ವಿರುದ್ಧದ ಹೋರಾಟದಲ್ಲಿ ರಾಬರ್ಟ್ ಬ್ರೂಸನ ಪಕ್ಷ ಹಿಡಿದ ಅವರಿಗೆ ಅವನು ಗೆದ್ದ ಮೇಲೆ ಲಾಖ್ ಆ ಸುತ್ತಿನ ಸೀಮೆ ಸಿಕ್ಕಿತು. 1432ರಲ್ಲಿ ಕಾಲಿನ್ ಕ್ಯಾಂಬೆಲ್ ಎಂಬವನಿಗೆ ಗ್ಲೆನ್ ಆರ್ಕಿ ಬಂತು. ಅವನು ಸರೋವರದ ಅಂಚಿನಲ್ಲಿ ಕಟ್ಟಿಸಿದ ಕಿಲ್‌ಖರ್ನ್ ಕೋಟೆಯ ಪಾಳು ಗೋಡೆಗಳು ಇವತ್ತಿಗೂ ನಿಂತಿವೆ. ಮ್ಯಾಕ್‌ಗ್ರೆಗರರು ತಮ್ಮದೇ ಕಣಿವೆಗಳಲ್ಲಿ ಕ್ಯಾಂಬೆಲರ ಒಕ್ಕಲಾದರು. ಮೊದಮೊದಲು ಎರಡು ಕಡೆಯವರೂ ಹೊಂದಿಕೊಂಡೇ ಇದ್ದರು. ಕ್ಯಾಂಬೆಲರು ಪೂರ್ವಕ್ಕೆ ಹಬ್ಬಿದಾಗ ಅವರ ಜೊತೆ ಹೋಗಿ ಕಾದಿದವರು, ಕೋಟೆ ಕಾದವರು ಮ್ಯಾಕ್‌ಗ್ರೆಗರರೇ. ಎರಡು ಕುಲಗಳ ನಡುವೆ ಮದುವೆಗಳೂ ನಡೆಯುತ್ತಿದ್ದವು. ಮುಂದಿನ ದ್ವೇಷವನ್ನು ಮಾತ್ರ ನೋಡಿ ಹಿಂದಿನ ಈ ಒಂದೂಕಾಲು ಶತಮಾನದ ಒಡನಾಟವನ್ನು ಮರೆತರೆ ಚರಿತ್ರೆ ಅರ್ಧವಾಗುತ್ತದೆ.

ಆ ನೆಮ್ಮದಿಯ ಕಾಲದ ಒಂದು ಕೊಡುಗೆಯನ್ನು ಇಲ್ಲಿ ನೆನೆಯಲೇಬೇಕು. ಹದಿನಾರನೆಯ ಶತಮಾನದ ಮೊದಲ ಅರ್ಧದಲ್ಲಿ ಫಾರ್ಟಿಂಗಲ್ ಊರಿನಲ್ಲಿದ್ದ ಜೇಮ್ಸ್ ಮ್ಯಾಕ್‌ಗ್ರೆಗರ್ ಎಂಬ ಪಾದ್ರಿ, ತನ್ನ ತಮ್ಮನೊಡನೆ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಗೇಲಿಕ್ ಕವಿತೆಗಳನ್ನು ಕಲೆಹಾಕಿ ಬರೆದಿಟ್ಟ. ಅವನು ಲಿಸ್ಮೋರ್ ದ್ವೀಪದ ಇಗರ್ಜಿಯ ಡೀನ್ ಆಗಿದ್ದರಿಂದ ಆ ಹಸ್ತಪ್ರತಿಗೆ ‘ಲಿಸ್ಮೋರ್ ಡೀನನ ಪುಸ್ತಕ’ ಎಂದು ಹೆಸರು ಬಂತು. ವೀರರ ಹಾಡು, ರಾಜಸ್ತುತಿ, ಪ್ರೇಮಪದ್ಯ, ಕುಚೋದ್ಯದ ಪದ್ಯ ಎಲ್ಲವೂ ಅದರಲ್ಲಿವೆ. ಹೆಂಗಸರು ಕಟ್ಟಿದ ಪದ್ಯಗಳೂ ಇವೆ. ಗೇಲಿಕ್‌ನ ಸಾಂಪ್ರದಾಯಿಕ ಕಾಗುಣಿತ ಬಿಟ್ಟು, ಕಿವಿಗೆ ಕೇಳಿದಂತೆ ತಗ್ಗುಸೀಮೆಯ ಸ್ಕಾಟ್ಸ್ ಭಾಷೆಯ ಕಾಗುಣಿತದಲ್ಲಿ ಬರೆದಿರುವುದರಿಂದ ವಿದ್ವಾಂಸರು ಅದನ್ನು ಓದಲು ಇನ್ನೂ ಹೆಣಗುತ್ತಿದ್ದಾರೆ. ಎಡಿನ್‌ಬರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಆ ಪುಸ್ತಕ ಇಲ್ಲದಿದ್ದರೆ ಮಧ್ಯಯುಗದ ಸ್ಕಾಟಿಷ್ ಗೇಲಿಕ್ ಕಾವ್ಯದ ಬಹುಪಾಲು ಕೈತಪ್ಪಿ ಹೋಗುತ್ತಿತ್ತು. ಮುಂದೆ ಕಾನೂನು ‘ದುಷ್ಟ ಕುಲ’ವೆಂದು ಹೆಸರಿಟ್ಟ ಜನ ತಮ್ಮ ಭಾಷೆಗೆ ಮಾಡಿದ ಉಪಕಾರ ಇದು.

ಹದಿನಾರನೆಯ ಶತಮಾನದ ನಡುವಿಗೆ ಗ್ಲೆನ್ ಆರ್ಕಿಯ ಕ್ಯಾಂಬೆಲ್ ಮನೆಗೆ ‘ನರೆಗೂದಲ ಕಾಲಿನ್’ ಎಂಬ ಹೊಸ ಯಜಮಾನ ಬಂದಾಗ ಹೊಂದಾಣಿಕೆ ಮುರಿಯಿತು. ಗ್ಲೆನ್ ಸ್ಟ್ರೇಯ ಎಳೆಯ ಮುಖಂಡ ಗ್ರೆಗರ್ ರಾಯ್ ಪ್ರಾಯಕ್ಕೆ ಬಂದು ತಂದೆಯ ನೆಲವನ್ನು ತನ್ನ ಹೆಸರಿಗೆ ಮಾಡಿಕೊಡೆಂದು ಕೇಳಿದಾಗ ಕಾಲಿನ್ ಒಪ್ಪಲಿಲ್ಲ. ಅಲ್ಲಿಂದ ಸುಮಾರು ಎಂಟು ವರ್ಷ ಕೊಲೆ, ಸುಲಿಗೆ, ಬೆಂಕಿ. ಗ್ರೆಗರನ ಹೆಂಡತಿ ಮೇರಿಯನ್ ಸ್ವತಃ ಕ್ಯಾಂಬೆಲರ ಹುಡುಗಿ, ಗ್ಲೆನ್ ಲಯನ್ನಿನ ಯಜಮಾನ ಡಂಕನ್ ಕ್ಯಾಂಬೆಲನ ಮಗಳು. 1570ರ ಏಪ್ರಿಲಿನಲ್ಲಿ ಕಾಲಿನ್ ತನ್ನ ಕೈಗೆ ಸಿಕ್ಕ ಗ್ರೆಗರನ ತಲೆ ಕಡಿಸಿದ. ಗಂಡನನ್ನು ಕೊಂದ ತನ್ನ ತವರಿನವರನ್ನು ಶಪಿಸುತ್ತ, ಮಡಿಲ ಕೂಸಿಗೆ ಜೋಗುಳವಾಗಿ ಮೇರಿಯನ್ ಕಟ್ಟಿದಳೆನ್ನಲಾದ ಶೋಕಗೀತೆ ‘ಗ್ರಿಗಲ್ ಕ್ರೀ’ ಗೇಲಿಕ್ ಹಾಡುಗಾರರ ಬಾಯಲ್ಲಿ ಇಂದಿಗೂ ಇದೆ. ಸನ್ನದು, ಗಡಿ, ಒಕ್ಕಲುತನ ಎಂಬ ಒಣ ಮಾತುಗಳ ಹಿಂದೆ ಎಂಥ ನೋವಿತ್ತೆಂಬುದನ್ನು ಯಾವ ದಾಖಲೆಗಿಂತಲೂ ಆ ಹಾಡು ಚೆನ್ನಾಗಿ ಹೇಳುತ್ತದೆ.

ನೆಲ ತಪ್ಪಿದವರಿಗೆ ಉಳಿದ ಬದುಕು ದನ ಹೊಡೆದುಕೊಂಡು ಹೋಗುವುದು. ಹೈಲ್ಯಾಂಡ್ಸಿನಲ್ಲಿ ಸಂಪತ್ತೆಂದರೆ ದನವೇ. ನೆರೆಯವರ ಹಿಂಡಿನ ಮೇಲೆ ಬೀಳುವುದನ್ನು ಎಲ್ಲ ಕುಲಗಳೂ ಮಾಡುತ್ತಿದ್ದವು. ಆದರೆ ಮ್ಯಾಕ್‌ಗ್ರೆಗರರ ಕಣಿವೆಗಳು ತಗ್ಗುಸೀಮೆಯ ಅಂಚಿನಲ್ಲಿದ್ದವು. ಅವರು ಮಾಡಿದ್ದು ಬೇಗ ಕಣ್ಣಿಗೆ ಬೀಳುತ್ತಿತ್ತು, ದೂರು ಬೇಗ ರಾಜಸಭೆ ಮುಟ್ಟುತ್ತಿತ್ತು. 1589ರಲ್ಲಿ ಗ್ಲೆನ್ ಆರ್ಟ್ನಿಯ ರಾಜವನದ ಮೇಲ್ವಿಚಾರಕ ಜಾನ್ ಡ್ರಮಂಡನ ಕೊಲೆಯಾಯಿತು. ಕೊಂದವರು ಅವನ ತಲೆಯನ್ನು ಬಾಲ್ವಿಡರ್ ಊರಿನ ಇಗರ್ಜಿಗೆ ತಂದರು. ಮುಖಂಡ ಅಲಸ್‌ಡೇರ್ ಮ್ಯಾಕ್‌ಗ್ರೆಗರನೂ ಕುಲದವರೂ ಅದರ ಮೇಲೆ ಕೈಯಿಟ್ಟು ಕೊಲೆಯ ಹೊಣೆ ತಮ್ಮೆಲ್ಲರದು ಎಂದು ಪ್ರಮಾಣ ಮಾಡಿದರೆಂದು ರಾಜನ ಸಲಹಾಸಭೆಯಾದ ಪ್ರಿವಿ ಕೌನ್ಸಿಲ್ಲಿನ ದಾಖಲೆ ಹೇಳುತ್ತದೆ. ಒಬ್ಬನ ತಪ್ಪಿಗೆ ಕುಲವೇ ಹೊಣೆ ಎಂಬ ಆ ಪ್ರಮಾಣವನ್ನು ಸರ್ಕಾರ ಮುಂದೆ ಅಕ್ಷರಶಃ ಹಿಡಿದುಕೊಂಡಿತು.

ಬಿರುಗಾಳಿ ಎದ್ದದ್ದು 1603ರಲ್ಲಿ. ಲೋಮಂಡ್ ಸರೋವರದ ಪಶ್ಚಿಮ ದಡದ ಲಸ್ ಸೀಮೆ ಕಹೂನ್ ಕುಲದವರದು. 1602ರ ಕೊನೆಯಲ್ಲಿ ಮ್ಯಾಕ್‌ಗ್ರೆಗರರು ಅಲ್ಲಿ ನುಗ್ಗಿ ದನ ಹೊಡೆದುಕೊಂಡು ಹೋಗಿದ್ದರು. ಕಹೂನರ ಹೆಂಗಸರು ಸತ್ತವರ, ಗಾಯಗೊಂಡವರ ರಕ್ತಸಿಕ್ತ ಅಂಗಿಗಳನ್ನು ಕೋಲಿಗೆ ಕಟ್ಟಿ ಸ್ಟರ್ಲಿಂಗಿನಲ್ಲಿ ಆರನೆಯ ಜೇಮ್ಸ್ ರಾಜನ ಮುಂದೆ ಮೆರವಣಿಗೆ ಬಂದರೆಂದು, ಅದನ್ನು ಕಂಡು ರಾಜ ಕಹೂನರಿಗೆ ಆಯುಧ ಹಿಡಿಯಲು ಅಪ್ಪಣೆ ಕೊಟ್ಟನೆಂದು ಪ್ರತೀತಿ. 1603ರ ಫೆಬ್ರವರಿ 7ರಂದು ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಎರಡು ಪಡೆಗಳು ಎದುರಾದವು. ಕಹೂನರ ಕಡೆ ಜನ ಹೆಚ್ಚು, ಕುದುರೆಗಳೂ ಇದ್ದವು. ಇಕ್ಕಟ್ಟಾದ, ಜವುಗು ನೆಲದ ಕಣಿವೆಯಲ್ಲಿ ಕುದುರೆಯಿಂದ ಪ್ರಯೋಜನವಾಗಲಿಲ್ಲ. ಅಲಸ್‌ಡೇರ್ ತನ್ನವರನ್ನು ಎರಡು ಗುಂಪು ಮಾಡಿ, ಹಿಂದೆ ಮುಂದೆ ಎರಡೂ ಕಡೆಯಿಂದ ಅಡ್ಡಗಟ್ಟಿದ. ಕಹೂನರ ಕಡೆ ಸುಮಾರು 140 ಮಂದಿ ಸತ್ತರು. ಆರುನೂರು ದನ, ಎಂಟುನೂರು ಕುರಿಮೇಕೆ, ಇನ್ನೂರಕ್ಕೂ ಮಿಕ್ಕ ಕುದುರೆಗಳು ಗೆದ್ದವರ ಪಾಲಾದವೆಂದು ಆರೋಪಪಟ್ಟಿಯಲ್ಲಿದೆ. ಕಾಳಗ ನೋಡಲು ಬಂದಿದ್ದ ಶಾಲಾ ಹುಡುಗರನ್ನೂ ಮ್ಯಾಕ್‌ಗ್ರೆಗರರು ಕೊಂದರೆಂಬ ಕಥೆಯೊಂದು ಮುಂದೆ ಹಬ್ಬಿತು. ಅದನ್ನು ಖಚಿತಪಡಿಸುವ ಸಮಕಾಲೀನ ಸಾಕ್ಷ್ಯವಿಲ್ಲ.

ಕಾಳಗದ ಬೆನ್ನಿಗೇ ಇಂಗ್ಲೆಂಡಿನಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಳು. ಜೇಮ್ಸ್ ಎರಡೂ ದೇಶಗಳ ದೊರೆಯಾಗಿ ಲಂಡನ್ನಿಗೆ ಹೊರಟು ನಿಂತಿದ್ದ. ಹೊಸ ಪ್ರಜೆಗಳ ಮುಂದೆ, ತನ್ನ ಹಳೆಯ ರಾಜ್ಯವನ್ನು ಹತೋಟಿಯಲ್ಲಿಟ್ಟಿದ್ದೇನೆಂದು ತೋರಿಸಬೇಕಾಗಿತ್ತು. ಅವನು ಎಡಿನ್‌ಬರೋ ಬಿಡುವ ಎರಡು ದಿನ ಮೊದಲು, ಏಪ್ರಿಲ್ 3ರಂದು, ಪ್ರಿವಿ ಕೌನ್ಸಿಲ್ ಆಜ್ಞೆ ಹೊರಡಿಸಿತು: ಮ್ಯಾಕ್‌ಗ್ರೆಗರ್ ಎಂಬ ಹೆಸರು ಇನ್ನಿಲ್ಲ, ಆ ಹೆಸರಿನವರೆಲ್ಲ ಬೇರೆ ಹೆಸರು ಇಟ್ಟುಕೊಳ್ಳಬೇಕು, ತಪ್ಪಿದರೆ ಮರಣದಂಡನೆ. ಹೆಸರನ್ನು ರದ್ದು ಮಾಡುವುದು ಜೇಮ್ಸನಿಗೆ ಹೊಸದೇನಲ್ಲ. ತನ್ನನ್ನು ಕೊಲ್ಲಲು ಸಂಚು ಮಾಡಿದರೆಂಬ ಆರೋಪದ ಮೇಲೆ 1600ರಲ್ಲಿ ರಿವನ್ ಎಂಬ ಸಿರಿವಂತ ಮನೆತನದ ಹೆಸರನ್ನೂ ಹೀಗೆಯೇ ಅಳಿಸಲಾಗಿತ್ತು. ಆದರೆ ಅದು ಒಂದು ಮನೆತನ. ಇದು ಹಲವು ಕಣಿವೆಗಳಲ್ಲಿ ಹರಡಿದ್ದ ಇಡೀ ಜನ.

ಅಲಸ್‌ಡೇರ್ ಕೆಲವು ತಿಂಗಳು ತಲೆಮರೆಸಿಕೊಂಡಿದ್ದ. ಇಂಗ್ಲೆಂಡಿಗೆ ಕಳಿಸಿಕೊಡುತ್ತೇನೆ, ಅಲ್ಲಿ ರಾಜನ ಮುಂದೆ ನಿನ್ನ ಅಹವಾಲು ಹೇಳಿಕೊಳ್ಳಬಹುದು ಎಂದು ಆರ್ಗೈಲ್ ಸೀಮೆಯ ಅರ್ಲ್, ಕ್ಯಾಂಬೆಲರ ಪರಮೋಚ್ಚ ಮುಖಂಡ ಆರ್ಚಿಬಾಲ್ಡ್, ಮಾತು ಕೊಟ್ಟ. ಆ ಮಾತು ನಂಬಿ ಅಲಸ್‌ಡೇರ್ ಶರಣಾದ. ಅವನನ್ನು ಗಡಿ ದಾಟಿಸಿ ಬರಿಕ್ ಊರಿನವರೆಗೆ ಒಯ್ದು, ಮಾತು ಉಳಿಸಿದ ಶಾಸ್ತ್ರ ಮುಗಿಸಿ, ವಾಪಸ್ ಎಡಿನ್‌ಬರೋಗೆ ತಂದರು. 1604ರ ಜನವರಿ 20ರಂದು ಅವನನ್ನೂ ಅವನ ಕಡೆಯವರನ್ನೂ ಊರ ನಡುವಿನ ಮರ್ಕೆಟ್ ಕ್ರಾಸ್ ಚೌಕದಲ್ಲಿ ಗಲ್ಲಿಗೇರಿಸಿದರು. ಮುಖಂಡನೆಂಬ ಕಾರಣಕ್ಕೆ ಅವನ ಹಗ್ಗ ಉಳಿದವರ ಹಗ್ಗಕ್ಕಿಂತ ಎತ್ತರದಲ್ಲಿತ್ತು. ಸಾಯುವ ಮೊದಲು ಕೊಟ್ಟ ಹೇಳಿಕೆಯಲ್ಲಿ, ಕಹೂನರ ಮೇಲೆ ಬೀಳಲು ತನ್ನನ್ನು ಎತ್ತಿಕಟ್ಟಿದವನೇ ಆರ್ಗೈಲ್ ಎಂದು ಅಲಸ್‌ಡೇರ್ ಆರೋಪಿಸಿದ್ದಾನೆ. ಮ್ಯಾಕ್‌ಗ್ರೆಗರರನ್ನು ಹದ್ದಿನಲ್ಲಿಡಲು ರಾಜನೇ ನೇಮಿಸಿದ್ದ ಅಧಿಕಾರಿ ಆ ಆರ್ಗೈಲ್. ಮ್ಯಾಕ್‌ಗ್ರೆಗರರು ನಿರಪರಾಧಿಗಳೆಂದು ಯಾರೂ ಹೇಳಲಾರರು. ಆದರೆ ಅವರ ಅಪರಾಧದಿಂದ ಲಾಭ ಪಡೆದವರು ಯಾರೆಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಆ ಮೇಲೆ ಯಾರ ಜಮೀನು ಬೆಳೆಯಿತೆಂದು ನೋಡಿದರೆ ಸಾಕು.

ಗಲ್ಲಿಗೇರಿಸುವುದರೊಂದಿಗೆ ಎಲ್ಲ ಮುಗಿಯಲಿಲ್ಲ. ಒಂದರ ಮೇಲೊಂದು ಆಜ್ಞೆಗಳು ಬಂದವು. ಮ್ಯಾಕ್‌ಗ್ರೆಗರರು ಊಟಕ್ಕೆ ಮಾಂಸ ಕೊಯ್ಯುವ ಮೊನೆಯಿಲ್ಲದ ಚಾಕು ಬಿಟ್ಟು ಬೇರೆ ಆಯುಧ ಇಟ್ಟುಕೊಳ್ಳಬಾರದು. ನಾಲ್ವರಿಗಿಂತ ಹೆಚ್ಚು ಮಂದಿ ಒಂದೆಡೆ ಸೇರಬಾರದು. ಅವರ ತಲೆಗೆ ಬಹುಮಾನ ಗೊತ್ತಾಯಿತು. 1611ರಲ್ಲಿ ಬಂದ ಅಪ್ಪಣೆಯಂತೂ ಕುಲದ ಬೇರಿಗೇ ಕೊಡಲಿ ಹಾಕುವಂಥದು: ಒಬ್ಬ ಮ್ಯಾಕ್‌ಗ್ರೆಗರ್ ತನ್ನಷ್ಟೇ ಅಂತಸ್ತಿನ ಇನ್ನೊಬ್ಬ ಮ್ಯಾಕ್‌ಗ್ರೆಗರನನ್ನು ಕೊಂದು ತಲೆ ತಂದರೆ ಅವನಿಗೆ ಕ್ಷಮಾದಾನ. ಹೆಂಗಸರನ್ನೂ ಬಿಡಲಿಲ್ಲ; ತಲೆಮರೆಸಿಕೊಂಡವರ ಹೆಂಡತಿಯರ ಕೆನ್ನೆಗೆ ಬರೆ ಹಾಕಿ ಗುರುತು ಮಾಡಬೇಕೆಂಬ ಆಜ್ಞೆಯೂ ಹೊರಟಿತ್ತು. ಮಕ್ಕಳನ್ನು ಬೇರೆ ಮನೆಗಳಿಗೆ ಹಂಚಿದರು. 1617ರಲ್ಲಿ ಸಂಸತ್ತು ಈ ಆಜ್ಞೆಗಳಿಗೆ ಶಾಸನದ ಬಲ ಕೊಟ್ಟಿತು. 1633ರ ಇನ್ನೊಂದು ಶಾಸನ ಹೈಲ್ಯಾಂಡ್ಸಿನ ಪಾದ್ರಿಗಳು ಯಾವ ಗಂಡುಮಗುವಿಗೂ ಗ್ರೆಗರ್ ಎಂದು ನಾಮಕರಣ ಮಾಡಬಾರದೆಂದು, ಆ ಹೆಸರಿನಲ್ಲಿ ಯಾವ ಬರಹಗಾರನೂ ಕರಾರುಪತ್ರ ಬರೆಯಬಾರದೆಂದು ವಿಧಿಸಿತು. ಹೆಸರು ಹೇಳಿಕೊಂಡರೆ ನ್ಯಾಯಾಲಯವಿಲ್ಲ, ಸಾಲವಿಲ್ಲ, ಜಮೀನಿಲ್ಲ. ಆ ಕಾಲದ ಮ್ಯಾಕ್‌ಗ್ರೆಗರರಿಗೆ ‘ಮಂಜಿನ ಮಕ್ಕಳು’ ಎಂಬ ಹೆಸರು ಬಂತು. ಮಂಜು ಕವಿದ ಬೆಟ್ಟಗಳಲ್ಲಿ ಅಡಗಿ ಬದುಕಿದವರಿಗೆ ಅದು ಒಪ್ಪುವ ಹೆಸರೇ.

ಎಲ್ಲರೂ ಬೆಟ್ಟದಲ್ಲಿ ಇರಲಾರರಷ್ಟೆ. ಹೆಚ್ಚಿನವರು ಹೊಸ ಹೆಸರು ತೊಟ್ಟು ಊರುಗಳಲ್ಲೇ ಉಳಿದರು. ಯಾವ ಜಮೀನ್ದಾರ ಆಶ್ರಯ ಕೊಟ್ಟನೋ ಅವನ ಕುಲದ ಹೆಸರು ಹಿಡಿಯುವುದು ವಾಡಿಕೆಯಾಯಿತು: ಕೆಲವರು ಡ್ರಮಂಡ್, ಕೆಲವರು ಮರೆ, ಸ್ಟುವರ್ಟ್, ಗ್ರ್ಯಾಂಟ್, ಗ್ರೇಯಮ್, ಎಷ್ಟೋ ಜನ, ಬೇರೆ ದಾರಿ ಕಾಣದೆ, ಕ್ಯಾಂಬೆಲ್. ಇನ್ನು ಕೆಲವರು ಗ್ರೆಗರಿ, ಗ್ರೆಗ್ ಎಂದು ತಮ್ಮ ಹೆಸರನ್ನೇ ಸ್ವಲ್ಪ ತಿರುಚಿಕೊಂಡರು. ಬ್ಲ್ಯಾಕ್, ವೈಟ್, ಕಿಂಗ್ ಎಂಬ ಇಂಗ್ಲಿಷ್ ಹೆಸರುಗಳ ಹಿಂದೆ ಮರೆಯಾದವರೂ ಇದ್ದರು. ಈ ಹೆಸರುಗಳಲ್ಲಿ ಬೇರೆ ಮೂಲದವರೂ ಸಾವಿರಾರು ಇದ್ದುದರಿಂದ ಮರೆಯಾಗುವುದು ಸುಲಭವಾಯಿತು. ವಂಶ ಹುಡುಕುವ ಇಂದಿನವರಿಗೆ ಅದೇ ದೊಡ್ಡ ತೊಡಕು. ಹೊರಗೆ ಮರೆ ಅಥವಾ ಡ್ರಮಂಡ್ ಆದವನು ಮನೆಯೊಳಗೆ, ಗೇಲಿಕ್‌ನಲ್ಲಿ, ಗ್ರೆಗರನ ಮಗನಾಗಿಯೇ ಇದ್ದ. ಮೊದಲೇ ದಿನಬಳಕೆಯಲ್ಲಿ ಕುಲನಾಮ ಬೇಕಿರದ ಆ ಸಮಾಜದಲ್ಲಿ ಕಾಗದದ ಹೆಸರು ಬದಲಾದ ಮಾತ್ರಕ್ಕೆ ಯಾರು ಯಾರ ಮೊಮ್ಮಗ ಎಂಬ ನೆನಪು ಹೋಗಲಿಲ್ಲ. ಕಾನೂನು ಮಾಡಿದವರು ತಿಳಿಯದೆ ಹೋದದ್ದು ಇದನ್ನೇ.

ಹದಿನೇಳನೆಯ ಶತಮಾನದ ನಡುವಿನ ಅಂತರ್ಯುದ್ಧದಲ್ಲಿ ಮ್ಯಾಕ್‌ಗ್ರೆಗರರು ರಾಜನ ಪಕ್ಷದ ಮಾಂಟ್ರೋಸನ ಜೊತೆ ನಿಂತು ಕಾದಿದರು. ತಮ್ಮ ಹೆಸರನ್ನು ಅಳಿಸಿದ ರಾಜವಂಶಕ್ಕಾಗಿ ಅವರು ಹೀಗೆ ಪ್ರಾಣ ಕೊಟ್ಟದ್ದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಎದುರು ಪಕ್ಷದ ಮುಂದಾಳು ಆರ್ಗೈಲಿನ ಕ್ಯಾಂಬೆಲ್ ಎಂಬುದನ್ನು ನೆನೆದರೆ ವಿಚಿತ್ರವೆನಿಸುವುದಿಲ್ಲ. ಆ ಸೇವೆಯನ್ನು ಮೆಚ್ಚಿ ಎರಡನೆಯ ಚಾರ್ಲ್ಸ್ 1661ರಲ್ಲಿ ನಿಷೇಧ ತೆಗೆದ. 1693ರಲ್ಲಿ, ವಿಲಿಯಂ ದೊರೆಯ ಆಳ್ವಿಕೆಯಲ್ಲಿ, ಅದು ಮರಳಿ ಬಂತು.

ಈ ಎರಡನೆಯ ನಿಷೇಧದ ಕಾಲದವನು ರಾಬ್ ರಾಯ್, ಜಗತ್ತು ಬಲ್ಲ ಮ್ಯಾಕ್‌ಗ್ರೆಗರ್. 1671ರಲ್ಲಿ ಕ್ಯಾಟ್ರಿನ್ ಸರೋವರದ ತಲೆಯಲ್ಲಿರುವ ಗ್ಲೆನ್‌ಗೈಲಿನಲ್ಲಿ ಹುಟ್ಟಿದ. ರಾಬ್ ರಾಯ್ ಎಂದರೆ ಕೆಂಗೂದಲ ರಾಬರ್ಟ್. ತಾಯಿ ಕ್ಯಾಂಬೆಲರವಳು, ನಿಷೇಧ ಮರಳಿದಾಗ ಅವನು ಕಾಗದದಲ್ಲಿ ರಾಬರ್ಟ್ ಕ್ಯಾಂಬೆಲ್ ಆದ. ಕಥೆಗಳು ಅವನನ್ನು ದರೋಡೆಕೋರನೆಂದೋ ಬಡವರ ಬಂಧುವೆಂದೋ ಚಿತ್ರಿಸುತ್ತವೆ. ನಿಜದಲ್ಲಿ ಬಾಳಿನ ಮೊದಲರ್ಧ ಅವನು ಮಾಡಿದ್ದು ದನದ ವ್ಯಾಪಾರ. ಹೈಲ್ಯಾಂಡ್ಸಿನ ದನಗಳನ್ನು ತಗ್ಗುಸೀಮೆಯ ಜಾತ್ರೆಗೆ ಹೊಡೆದು ಮಾರುವುದಕ್ಕೆ ಮಾಂಟ್ರೋಸಿನ ಡ್ಯೂಕ್ ಮುಂತಾದವರಿಂದ ಬಂಡವಾಳ ಪಡೆಯುತ್ತಿದ್ದ. ಜೊತೆಗೆ, ಸೀಮೆಯ ಜಮೀನ್ದಾರರಿಂದ ಹಣ ಪಡೆದು ಅವರ ಹಿಂಡು ಕಳುವಾಗದಂತೆ ಕಾವಲು ನಡೆಸುತ್ತಿದ್ದ. ಕಳುವಾದರೆ ಹುಡುಕಿ ತರುವುದೂ ಅವನ ಹೊಣೆ. ಹಣ ಕೊಡದವರ ಹಿಂಡಿಗೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಬ್ಲ್ಯಾಕ್‌ಮೇಲ್ ಎಂಬ ಪದ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ್ದು ಇಂಥ ವಸೂಲಿಗಾಗಿಯೇ.

1711–12ರ ಹೊತ್ತಿಗೆ ವ್ಯಾಪಾರ ಕುಸಿಯಿತು. ನಂಬಿದ ಆಳೊಬ್ಬ ದೊಡ್ಡ ಮೊತ್ತದೊಡನೆ ಪರಾರಿಯಾದನೆಂದು ಹೇಳಲಾಗುತ್ತದೆ. ಡ್ಯೂಕ್ ಅವನನ್ನು ದಿವಾಳಿಯೆಂದೂ ವಂಚಕನೆಂದೂ ಸಾರಿ, ಮನೆಯವರನ್ನು ಹೊರಹಾಕಿಸಿ ಜಮೀನು ಜಪ್ತಿ ಮಾಡಿದ. ಅಲ್ಲಿಂದ ಮುಂದೆ ರಾಬ್ ರಾಯ್ ಡ್ಯೂಕನ ದನ, ಧಾನ್ಯ, ಗೇಣಿಹಣದ ಮೇಲೆ ಬೀಳುತ್ತ ಹತ್ತು ವರ್ಷ ಸೇಡು ತೀರಿಸಿಕೊಂಡ. ಸಿಕ್ಕಿಬಿದ್ದು ತಪ್ಪಿಸಿಕೊಂಡದ್ದೂ ಉಂಟು. ಈ ಹೊತ್ತಿನಲ್ಲಿ ಅವನಿಗೆ ಆಸರೆ ಕೊಟ್ಟವನು ಮಾಂಟ್ರೋಸನ ಎದುರಾಳಿ ಆರ್ಗೈಲ್ ಡ್ಯೂಕ್, ಅಂದರೆ ಕ್ಯಾಂಬೆಲರ ಮುಖಂಡ. ಕುಲದ್ವೇಷವೊಂದೇ ಹೈಲ್ಯಾಂಡ್ಸಿನ ಚರಿತ್ರೆಯನ್ನು ನಡೆಸಿತೆಂಬ ಜನಪ್ರಿಯ ಕಲ್ಪನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ. ರಾಬ್ ರಾಯ್ 1734ರ ಡಿಸೆಂಬರಿನಲ್ಲಿ ತನ್ನ ಮನೆಯಲ್ಲೇ, ಹಾಸಿಗೆಯ ಮೇಲೆ, ತೀರಿಕೊಂಡ. ಅವನ ಸಮಾಧಿ ಬಾಲ್ವಿಡರಿನಲ್ಲಿದೆ.

ನಿಷೇಧ ಶಾಶ್ವತವಾಗಿ ಹೋದದ್ದು ಬ್ರಿಟಿಷ್ ಸಂಸತ್ತಿನ 1774–75ರ ಅಧಿವೇಶನದಲ್ಲಿ. ಆಗ ಕುಲಕ್ಕೆ ಎದುರಾದದ್ದು ಮುಖಂಡ ಯಾರೆಂಬ ಪ್ರಶ್ನೆ. ಗ್ಲೆನ್ ಸ್ಟ್ರೇಯ ನೇರ ವಂಶ ಎಂದೋ ಮುಗಿದಿತ್ತು. 826 ಮಂದಿ ಸಹಿ ಹಾಕಿದ ಪತ್ರವೊಂದರಲ್ಲಿ ಲ್ಯಾನ್ರಿಕ್‌ನ ಜಾನ್ ಮರೆ ಎಂಬವನನ್ನು ಮುಖಂಡನೆಂದು ಒಪ್ಪಿಕೊಂಡರು. ವಂಶಕ್ರಮಕ್ಕಿಂತ ಜನರ ಒಪ್ಪಿಗೆಯಿಂದ ನಡೆದ ಈ ಆಯ್ಕೆ ಕುಲಗಳ ಚರಿತ್ರೆಯಲ್ಲಿ ಅಪರೂಪದ್ದು. ಜಾನ್ ಮರೆಗೆ ಆ ಅಂತಸ್ತು ತಂದುಕೊಟ್ಟದ್ದು ಭಾರತ. ಅವನು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ದುಡಿದು ಸಿರಿವಂತನಾಗಿ ಮರಳಿದವನು. ಅವನ ಮಗ ಈವನ್ ಕೂಡ ಭಾರತದಲ್ಲೇ ಸೈನಿಕನಾಗಿದ್ದ. ಮೂರನೆಯ ಮರಾಠಾ ಯುದ್ಧದಲ್ಲಿ, 1818ರಲ್ಲಿ ಖಾನ್‌ದೇಶದ ಥಾಳನೇರ್ ಕೋಟೆಯ ಬಾಗಿಲಲ್ಲಿ ಅವನಿಗೆ ತೀವ್ರ ಗಾಯಗಳಾದವು. ಕಾನೂನು ಅನುಮತಿಸಿದ ಮೇಲೂ ಈ ಮನೆ ಸುಮಾರು ಐವತ್ತು ವರ್ಷ ಮರೆ ಎಂಬ ಹೆಸರಲ್ಲೇ ಇತ್ತು. ಪೂರ್ವಜರ ಹೆಸರನ್ನು ರಾಜನ ಅಪ್ಪಣೆಯೊಡನೆ ಮರಳಿ ಧರಿಸಿ ಮ್ಯಾಕ್‌ಗ್ರೆಗರ್ ಆದದ್ದು 1822ರಲ್ಲಿ. ಅದೇ ವರ್ಷ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಭೇಟಿ ಕೊಟ್ಟಾಗ ಸ್ಕಾಟ್ಲೆಂಡಿನ ಕಿರೀಟ, ರಾಜದಂಡಗಳ ಮೆರವಣಿಗೆಗೆ ಕಾವಲಾಗಿ ನಡೆದವರು ಈವನ್ ಮ್ಯಾಕ್‌ಗ್ರೆಗರ್ ಮತ್ತು ಅವನ ಕುಲದವರು. ಮೊನೆಯಿಲ್ಲದ ಚಾಕು ಮಾತ್ರ ಇಟ್ಟುಕೊಳ್ಳಬೇಕೆಂಬ ಆಜ್ಞೆಗೆ ಆಗ ಇನ್ನೂರ ಹತ್ತು ವರ್ಷವೂ ಆಗಿರಲಿಲ್ಲ. ಕುಲದವರ ಸಂಘವೂ ಅದೇ ವರ್ಷ ಹುಟ್ಟಿತು; ಸ್ಕಾಟ್ಲೆಂಡಿನ ಕುಲಸಂಘಗಳಲ್ಲಿ ಅದು ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ್ದು.

ಆ ರಾಜಭೇಟಿಯ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. 1817ರ ಕೊನೆಯಲ್ಲಿ ಹೊರಬಂದ ಅವನ ‘ರಾಬ್ ರಾಯ್’ ಮ್ಯಾಕ್‌ಗ್ರೆಗರ್ ಹೆಸರನ್ನು ಯುರೋಪಿನಾದ್ಯಂತ ಒಯ್ದಿತು. ಸ್ಕಾಟ್ ಇಲ್ಲದಿದ್ದರೆ ಈ ಕುಲದ ಸಂಕಟ ಬಹುಶಃ ವಿದ್ವಾಂಸರ ಸೊತ್ತಾಗಿ ಉಳಿಯುತ್ತಿತ್ತು. ಆದರೆ ಅವನು ಕಟ್ಟಿದ ರಮ್ಯಲೋಕದಲ್ಲಿ ಸನ್ನದು, ಗೇಣಿ, ಸಾಲಗಳ ಲೆಕ್ಕ ಮರೆಯಾಗಿ ಬೆಟ್ಟ, ಮಂಜು, ಕತ್ತಿಗಳೇ ಉಳಿದವು. ಕುಲಕ್ಕೊಂದು ಚೌಕುಳಿ ಬಟ್ಟೆ ಎಂಬ ಟಾರ್ಟನ್ ವ್ಯವಸ್ಥೆ ಗಟ್ಟಿಯಾದದ್ದೂ ಇದೇ ಕಾಲದಲ್ಲಿ. ರಾಬ್ ರಾಯ್ ಹೆಸರಿನ ಕೆಂಪು ಕಪ್ಪು ಚೌಕುಳಿಯನ್ನು ಅವನ ಕಾಲದಲ್ಲಿ ಕುಲದ ಗುರುತೆಂದು ಯಾರೂ ತೊಟ್ಟಿರಲಿಲ್ಲ.

ಚದುರಿದವರ ಕವಲುಗಳು ಬಲುದೂರ ಹೋಗಿವೆ. ಅಬರ್ಡೀನ್ ಸೀಮೆಯ ಗ್ರೆಗರಿ ಮನೆತನ ಮ್ಯಾಕ್‌ಗ್ರೆಗರರ ಕವಲೆಂದು ಹೇಳಿಕೊಂಡದ್ದು. ಪ್ರತಿಫಲನ ದೂರದರ್ಶಕದ ವಿನ್ಯಾಸವನ್ನು 1663ರಲ್ಲಿ ಪ್ರಕಟಿಸಿದ ಗಣಿತಜ್ಞ ಜೇಮ್ಸ್ ಗ್ರೆಗರಿ ಆ ಮನೆಯವನು. ಮಾಧವನ ಶ್ರೇಣಿಯೆಂದು ಭಾರತದಲ್ಲಿ ಹೇಳುವ ಗಣಿತಸೂತ್ರವನ್ನು ಯುರೋಪಿನಲ್ಲಿ ಬಹುಕಾಲ ಕರೆಯುತ್ತಿದ್ದದ್ದು ಇವನ ಹೆಸರಿನಲ್ಲೇ. ಕುಲಕ್ಕೆ ಆಳು ಕೂಡಿಸಲು ಅಬರ್ಡೀನಿಗೆ ಬಂದ ರಾಬ್ ರಾಯ್ ಅದೇ ಮನೆಯ ವೈದ್ಯಶಾಸ್ತ್ರದ ಪ್ರಾಧ್ಯಾಪಕನ ಅತಿಥಿಯಾದ ಪ್ರಸಂಗವೊಂದನ್ನು ಸ್ಕಾಟ್ ಹೇಳುತ್ತಾನೆ: ಪುಸ್ತಕದಲ್ಲಿ ಮುಳುಗಿ ಹುಡುಗ ಕೆಡುತ್ತಾನೆ, ಬೆಟ್ಟಕ್ಕೆ ಕರೆದೊಯ್ದು ಗಂಡಸನ್ನಾಗಿ ಮಾಡುತ್ತೇನೆಂದು ಅವನು ಪ್ರಾಧ್ಯಾಪಕನ ಮಗನನ್ನು ಕೇಳಿದನಂತೆ, ಮನೆಯವರು ಮರ್ಯಾದೆ ಕೆಡದಂತೆ ತಪ್ಪಿಸಿಕೊಳ್ಳಬೇಕಾಯಿತಂತೆ. ಗ್ರೆಗರ್ ಹೆಸರಿನ ಇನ್ನೊಂದು ರೂಪ ಗ್ರೆಗ್. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ನಾರ್ವೆಯ ಬರ್ಗನ್ ಬಂದರಿಗೆ ಹೋಗಿ ನೆಲೆಸಿದ ಅಲೆಕ್ಸಾಂಡರ್ ಗ್ರೆಗ್ ಎಂಬ ವರ್ತಕನ ಮರಿಮಗನೇ ನಾರ್ವೆಯ ಮಹಾ ಸಂಗೀತಗಾರ ಎಡ್ವರ್ಡ್ ಗ್ರೀಗ್.

ಹೆಸರಿಗೆ ಕಳಂಕ ತಂದವರೂ ಇದ್ದಾರೆ. ದಕ್ಷಿಣ ಅಮೆರಿಕದಲ್ಲಿ ಬೊಲಿವಾರನ ಸೇನೆಯಲ್ಲಿ ಸೇನಾಪತಿಯಾಗಿದ್ದ ಗ್ರೆಗರ್ ಮ್ಯಾಕ್‌ಗ್ರೆಗರ್ 1820ರ ದಶಕದಲ್ಲಿ ಲಂಡನ್ನಿಗೆ ಬಂದು, ಮಧ್ಯ ಅಮೆರಿಕದ ಕರಾವಳಿಯಲ್ಲಿ ಪೊಯೈಸ್ ಎಂಬ ತನ್ನದೇ ದೇಶವಿದೆಯೆಂದು ನಂಬಿಸಿ ಜಮೀನು, ಸಾಲಪತ್ರಗಳನ್ನು ಮಾರಿದ. ಹಾಗೆ ನಂಬಿ ಹಡಗು ಹತ್ತಿದ ಸುಮಾರು 250 ಮಂದಿಗೆ ಅಲ್ಲಿ ಸಿಕ್ಕಿದ್ದು ಕಾಡು ಮತ್ತು ಜ್ವರ. ಅರ್ಧಕ್ಕಿಂತ ಹೆಚ್ಚು ಜನ ಸತ್ತರು. ಭಾರತದ ಸೈನಿಕರಿಗೆ ಪರಿಚಿತನಾದ ಮ್ಯಾಕ್‌ಗ್ರೆಗರ್ ಬೇರೆಯವನು. 1870ರಲ್ಲಿ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಆಫ್ ಇಂಡಿಯಾವನ್ನು ಸ್ಥಾಪಿಸಿದ ಸರ್ ಚಾರ್ಲ್ಸ್ ಮ್ಯಾಕ್‌ಗ್ರೆಗರ್ ನೆನಪಿಗೆ 1888ರಲ್ಲಿ ಆರಂಭವಾದ ಪದಕವನ್ನು, ದುರ್ಗಮ ಪ್ರದೇಶಗಳ ಸೈನಿಕ ಶೋಧಯಾನಕ್ಕಾಗಿ, ಸ್ವತಂತ್ರ ಭಾರತದಲ್ಲೂ ಕೊಡುತ್ತ ಬರಲಾಗಿದೆ.

ಇತ್ತೀಚಿನ ದಶಕಗಳಲ್ಲಿ ಈ ಹೆಸರಿನ ಚರಿತ್ರೆಗೆ ಡಿಎನ್ಎ ಪರೀಕ್ಷೆ ಹೊಸ ಸಾಕ್ಷಿಯಾಗಿ ಒದಗಿದೆ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮಿನ ಗುರುತುಗಳನ್ನು ಹೋಲಿಸಿದಾಗ, ಮ್ಯಾಕ್‌ಗ್ರೆಗರ್ ಹೆಸರಿನ ಬಹಳಷ್ಟು ಜನ ಸುಮಾರು ಹದಿನಾಲ್ಕನೆಯ ಶತಮಾನದ ಒಬ್ಬನೇ ಪುರುಷನ ಸಂತತಿಯೆಂದು ಕಂಡುಬಂದಿದೆ. ಒಕ್ಕಣ್ಣ ಇಯಾನ್ ಮತ್ತು ಅವನ ತಂದೆಯ ಬಗ್ಗೆ ವಂಶಾವಳಿಗಳು ಹೇಳುವುದಕ್ಕೆ ಇದು ಹೊಂದುತ್ತದೆ. ಅದೇ ಹೆಸರು ಹೊತ್ತು ಆ ಗುರುತಿಲ್ಲದವರೂ ಅನೇಕರಿದ್ದಾರೆ. ಅವರು ಆಶ್ರಯಕ್ಕೆ ಬಂದು ಕುಲ ಸೇರಿದವರ, ಹೆಣ್ಣಿನ ಕಡೆಯಿಂದ ಹೆಸರು ಪಡೆದವರ ಮಕ್ಕಳು. ಇನ್ನು, ಡ್ರಮಂಡ್, ಸ್ಟರ್ಲಿಂಗ್, ಕ್ಯಾಂಬೆಲ್ ಮುಂತಾದ ಬೇರೆ ಹೆಸರುಗಳಲ್ಲಿ ಬೆಳೆದ ಕೆಲವರ ರಕ್ತದಲ್ಲಿ ಆ ಗುರುತು ಇದೆ. 1603ರ ನಂತರ ಅವರ ಯಾವ ಅಜ್ಜ ಯಾವ ಊರಿನಲ್ಲಿ ಹೆಸರು ಬದಲಿಸಿದನೆಂದು ಇಗರ್ಜಿಯ ಹಳೆಯ ಪುಸ್ತಕಗಳಲ್ಲಿ ಹುಡುಕುವ ಕೆಲಸ ಸಂಘದ ಸದಸ್ಯರಿಂದ ಸ್ಕಾಟ್ಲೆಂಡಿನಲ್ಲೂ, ಮ್ಯಾಕ್‌ಗ್ರೆಗರರು ವಲಸೆ ಹೋದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ನಡೆದಿದೆ.